ಮನೆಯಲ್ಲೇ ಬಾಬರ್ ಮಾಡಿದ ಯೆಜ್ಡಿ: ಎರಡು ವರ್ಷ, ಎರಡು ಮಡ್‌ಗಾರ್ಡ್

ಅಪ್ಪನ 1984ರ ಯೆಜ್ಡಿ 250 ಬೈಕು ಬಾಬರ್ ಆಗಿ, ಅಂದರೆ ಬೇಡದ್ದನ್ನೆಲ್ಲ ಕಳಚಿ ಹಿಂದಿನ ಮಡ್‌ಗಾರ್ಡ್ ಮೊಟಕು ಮಾಡಿದ ಗಾಡಿಯಾಗಿ, ಎರಡು ವರ್ಷ ಆಯಿತು. ಓಡಿರೋದು ಎಂಟು ಸಾವಿರ ಕಿಲೋಮೀಟರ್ ಚಿಲ್ಲರೆ. ಒಂಟಿಕೊಪ್ಪಲಿನ ಮನೆಯಿಂದ ಮೇಟಗಳ್ಳಿಗೆ ದಿನಾ ಕೆಲಸಕ್ಕೆ, ತಿಂಗಳಿಗೊಮ್ಮೆ ಮೇಲುಕೋಟೆ ಕಡೆಗೆ. ಇಂಜಿನ್ ಬಗ್ಗೆ ಜಾಸ್ತಿ ಬರೆಯಲ್ಲ, ಯೆಜ್ಡಿ ಇಂಜಿನ್ ಗೊತ್ತಿಲ್ಲದವರು ಮೈಸೂರಿನಲ್ಲಿ ಎಷ್ಟು ಜನ ಇದ್ದಾರೆ? ನಾನು ಹೇಳಬೇಕಿರುವುದು ಹಿಂದಿನ ಮಡ್‌ಗಾರ್ಡ್ ಬಗ್ಗೆ.

ಈ ಗಾಡಿ ಹುಟ್ಟಿದ ಮೈಸೂರಿನ ಯಾದವಗಿರಿಯ ಕಾರ್ಖಾನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ ಇತ್ತು. 1996ರಲ್ಲಿ ಅದು ಮುಚ್ಚಿತು. ಹಾಗಾಗಿ ಬಾಬರ್ ಮಾಡುತ್ತೇನೆ ಅಂದಾಗ ಅಪ್ಪ ಒಂದು ದಿನ ಪೂರ್ತಿ ಮಾತಾಡಲಿಲ್ಲ. ಮಾರನೇ ದಿನ ಕಾಫಿ ಕುಡಿಯುತ್ತಾ ಒಂದೇ ಷರತ್ತು ಹಾಕಿದರು. "ಒರಿಜಿನಲ್ ಒಂದು ಪಾರ್ಟ್‌ಗೂ ಗರಗಸ ಮುಟ್ಟಿಸಬೇಡ ಕಣೋ. ಹಳೇ ಗಾಡಿ ಬೇಕು ಅಂದ್ರೆ ಸಂಜೆಯೊಳಗೆ ನನಗೆ ವಾಪಸ್ ಸಿಗಬೇಕು." ಆ ಷರತ್ತು ಒಳ್ಳೆಯದೇ ಆಯಿತು. ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಕೈ ಹಾಕುವುದು ಕಾನೂನಿನಲ್ಲೂ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ನಾನು ಬಣ್ಣವನ್ನೂ ಬದಲಾಯಿಸಲಿಲ್ಲ, ಅಪ್ಪ ತಂದಾಗಿನ ಮೆರೂನ್ ಹಾಗೇ ಇದೆ. ಬೆಸುಗೆ ಎಲ್ಲೂ ಇಲ್ಲ, ಎಲ್ಲ ಬೋಲ್ಟ್ ಮತ್ತು ಕ್ಲಾಂಪ್. ಒಟ್ಟು ಖರ್ಚು 19,000 ರೂಪಾಯಿ, ಅದರಲ್ಲಿ ಸೀಟೇ ಐದು ಸಾವಿರ.

ಆ ಸೀಟ್ ಬಗ್ಗೆ ಹೇಳಲೇಬೇಕು. ಒಬ್ಬರೇ ಕೂರುವ ಚರ್ಮದ ಸೀಟು, ಕೆಳಗೆ ಎರಡು ಸ್ಪ್ರಿಂಗ್. ಮೊದಲು ದುಡ್ಡು ಉಳಿಸೋಣ ಅಂತ ಹಳೇ ಸೈಕಲ್ ಸೀಟಿನ ಸ್ಪ್ರಿಂಗ್ ಹಾಕಿದ್ದೆ. ನನ್ನದು 78 ಕೆಜಿ ತೂಕ, ಪ್ರತಿ ಹಂಪಿನಲ್ಲೂ ಪೂರ್ತಿ ಕುಸಿದು ಬೆನ್ನಿಗೆ ಏಟು ಬೀಳುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ತೊಟ್ಟಿಲ ಹಾಗೆ. ಬೆಳಿಗ್ಗೆ ಏಳೂವರೆಗೆ ಪೆಟ್ರೋಲಿನ ನಲ್ಲಿ ತಿರುಗಿಸಿ, ಕಾರ್ಬುರೇಟರಿನ ಟಿಕ್ಲರ್ ಅನ್ನುವ ಸಣ್ಣ ಗುಂಡಿಯನ್ನು ಬೆರಳಿನಿಂದ ಒತ್ತಿ, ಪೆಟ್ರೋಲ್ ಹನಿ ಜಿನುಗುವ ತನಕ ಕಾಯುತ್ತೇನೆ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಎರಡನೇ ಕಿಕ್ಕಿಗೆ ಶುರು. ಮತ್ತೆ ಮಡಚಿದರೆ ಅದೇ ಗೇರ್. ಆಮೇಲೆ ಸೀಟಿನ ಮೇಲೆ ಕೂತಾಗ ಸ್ಪ್ರಿಂಗ್ ಒಂದು ಸಲ "ಕೀಂವ್" ಅನ್ನುತ್ತದೆ. ಗೇಟಿನ ಹತ್ತಿರ ಮಲಗಿರುವ ನಾಯಿ ಆ ಶಬ್ದಕ್ಕೆ ಎದ್ದು ದಾರಿ ಬಿಡುತ್ತದೆ. ಈ ಐದು ನಿಮಿಷಕ್ಕಾಗಿಯೇ ನಾನು ಬಸ್ಸು ಹತ್ತಲ್ಲ.

ಇನ್ನು ಮಡ್‌ಗಾರ್ಡ್. ಬಾಬರ್ ಅನ್ನುವ ಹೆಸರು ಬಂದಿದ್ದೇ ಅದನ್ನು ಮೊಟಕು ಮಾಡುವುದರಿಂದ (ಇಂಗ್ಲಿಷಿನಲ್ಲಿ 'ಬಾಬ್'). ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಆಸುಪಾಸು ಹುಡುಗರು ತೂಕ ಇಳಿಸಬೇಕು ಅಂತ ಬೇಡದ್ದನ್ನೆಲ್ಲ ಕಿತ್ತು, ಹಿಂದಿನ ಮಡ್‌ಗಾರ್ಡನ್ನು ಬಾಲ ಕತ್ತರಿಸಿದ ಹಾಗೆ ಕತ್ತರಿಸುತ್ತಿದ್ದರು. ನಾನೂ ಗುಜರಿಯಿಂದ 600 ರೂಪಾಯಿಗೆ ಒಂದು ಮಡ್‌ಗಾರ್ಡ್ ತಂದು ಕತ್ತರಿಸಿದೆ. ಅದು ಚಕ್ರಕ್ಕೆ ಅಂಟಿಕೊಂಡ ಹಾಗೆ ಕಾಣಬೇಕಿತ್ತು. ಮೊದಲು ಚಾಸಿಗೇ ಕೂರಿಸಿದೆ, ಹಂಪಿನಲ್ಲಿ ಚಕ್ರ ಮೇಲೆ ಬಂದಾಗ ಟೈರ್ ಉಜ್ಜಿತು. ಆಮೇಲೆ ಸ್ವಿಂಗ್ ಆರ್ಮ್‌ಗೆ, ಅಂದರೆ ಹಿಂದಿನ ಚಕ್ರವನ್ನು ಹಿಡಿದು ಅದರ ಜೊತೆ ಆಡುವ ತೋಳಿಗೆ, ಕಡ್ಡಿ ಕೊಟ್ಟು ಕೂರಿಸಿದೆ. ಆಗ ಅದು ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುತ್ತದೆ, ಉಜ್ಜಲ್ಲ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ, ರಾತ್ರಿ ಎದ್ದು ಹೋಗಿ ಟಾರ್ಚ್ ಹಾಕಿ ನೋಡಿದ್ದೇನೆ.

ಮೇ ತಿಂಗಳ ಮೊದಲ ಜೋರು ಮಳೆಗೆ ಖುಷಿ ಇಳಿಯಿತು. ಕೆಲಸಕ್ಕೆ ಹೋಗಿ ಇಳಿದರೆ ಸೊಂಟದಿಂದ ಹೆಲ್ಮೆಟ್ಟಿನ ತನಕ ಬೆನ್ನಿನ ಮೇಲೆ ಕೆಸರಿನ ಒಂದು ಪಟ್ಟಿ. ಯೋಚಿಸಿದರೆ ಸರಳ ಲೆಕ್ಕ. ಗಾಡಿ ಮುಂದೆ ಹೋಗುವಾಗ ಚಕ್ರದ ಹಿಂಭಾಗ ಮೇಲಕ್ಕೆ ತಿರುಗುತ್ತದೆ, ಮೇಲ್ಭಾಗ ಮುಂದಕ್ಕೆ. ಟೈರಿನಿಂದ ಹಾರಿದ ನೀರು ಮೇಲಕ್ಕೂ ಮುಂದಕ್ಕೂ ಬಂದು ನೇರ ಬೆನ್ನಿಗೇ ಬೀಳುತ್ತದೆ. ಮಡ್‌ಗಾರ್ಡ್ ಎಲ್ಲಿ ಮುಗಿಯುತ್ತದೆ ಅನ್ನುವುದೇ ಎಲ್ಲ. ಗಾಡಿಯ ಹಿಂಬದಿ ನಮ್ಮ ಬಲಕ್ಕೆ ಬರುವ ಹಾಗೆ ನಿಂತು ಚಕ್ರವನ್ನು ಗಡಿಯಾರ ಅಂದುಕೊಂಡರೆ, ನನ್ನದು ಒಂದು ಗಂಟೆಗೇ ಮುಗಿದಿತ್ತು. ಮಂಡ್ಯ ಕಡೆ ಕಬ್ಬಿನ ಟ್ರಾಕ್ಟರ್ ಹೋದ ರಸ್ತೆಯಲ್ಲಿ ಒಂದು ಸಲ ಹೋಗಿ ನೋಡಿ, ಮಳೆಯೇ ಬೇಕಿಲ್ಲ.

ಆಮೇಲೆ ಇನ್ನೂ ದೊಡ್ಡ ತಲೆನೋವು ಬಂತು. ನಾಲ್ಕನೇ ತಿಂಗಳಿಗೆ ಬೋಲ್ಟ್ ತೂತಿನ ಸುತ್ತ ಬಿರುಕು. ಸ್ವಿಂಗ್ ಆರ್ಮಿನ ಮೇಲೆ ಕೂತ ಮಡ್‌ಗಾರ್ಡಿಗೂ ರಸ್ತೆಗೂ ನಡುವೆ ಶಾಕ್ ಅಬ್ಸಾರ್ಬರ್ ಇಲ್ಲವಲ್ಲ, ಪ್ರತಿ ಗುಂಡಿಯೂ ತಗಡಿಗೇ ಏಟು. ಜೊತೆಗೆ ಹಿಂದಿನ ದೀಪ ಮಂಕಾಗತೊಡಗಿತು. ಬಲ್ಬ್ ಬದಲಾಯಿಸಿದೆ, ಹೋಲ್ಡರ್ ಬದಲಾಯಿಸಿದೆ. ಕೊನೆಗೆ ಗೊತ್ತಾಯಿತು, ದೀಪದ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಮಡ್‌ಗಾರ್ಡ್ ಮೂಲಕ ಹೋಗುತ್ತಿತ್ತು, ನಾನು ಚಂದಕ್ಕೆ ಅಂತ ದಪ್ಪ ಪೇಂಟ್ ಹೊಡೆದು ರಬ್ಬರ್ ವಾಷರ್ ಹಾಕಿ ಆ ದಾರಿಗೇ ಅಡ್ಡ ಹಾಕಿದ್ದೆ. ಬೇರೆ ಅರ್ತ್ ವೈರ್ ಎಳೆದ ಮೇಲೆ ಸರಿಹೋಯಿತು. ರಾತ್ರಿ ರಿಂಗ್ ರಸ್ತೆಯಲ್ಲಿ ಹಿಂದಿನ ದೀಪ ಸರಿಯಿಲ್ಲದೆ ಓಡಾಡಿದ ಆ ಎರಡು ವಾರ ನೆನೆದರೆ ಈಗಲೂ ಭಯ ಆಗುತ್ತದೆ. ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿ.

ಎರಡನೇ ಮಡ್‌ಗಾರ್ಡನ್ನು ನಿಧಾನಕ್ಕೆ ಮಾಡಿದೆ, ಮೂರು ಭಾನುವಾರ ಹಿಡಿಯಿತು. ಆ ಗಡಿಯಾರದ ಎರಡೂವರೆ ಗಂಟೆಯ ತನಕ ಉದ್ದ ಬಿಟ್ಟೆ. ಕತ್ತರಿಸಿದ ಅಂಚಿನೊಳಗೆ ದಪ್ಪ ಕಂಬಿ ಇಟ್ಟು ಮಡಚಿದೆ. ತೂತುಗಳ ಒಳಗಡೆ 3 ಎಂಎಂ ಪಟ್ಟಿ ಕೊಟ್ಟೆ, ತುದಿಗೆ ಲಾರಿ ಟ್ಯೂಬಿನ ಒಂದು ಸಣ್ಣ ನಾಲಿಗೆ. ಫೋಟೋದಲ್ಲಿ ಮೊದಲಿನಷ್ಟು ಚೆನ್ನಾಗಿ ಕಾಣಲ್ಲ, ನಿಜ. ಆದರೆ ಒಂದೂಕಾಲು ವರ್ಷದಲ್ಲಿ ಬಿರುಕಿಲ್ಲ, ಕಳೆದ ಅಕ್ಟೋಬರ್ ಮಳೆಯಲ್ಲಿ ಬೆನ್ನಿಗೆ ಬಿದ್ದದ್ದು ನಾಲ್ಕು ಹನಿ. ಚೈನ್ ಮುಚ್ಚುವ ಕೇಸನ್ನು ಮಾತ್ರ ಯಾರು ಹೇಳಿದರೂ ತೆಗೆಯಲಿಲ್ಲ. ಯೆಜ್ಡಿ ಚೈನಿಗೆ ಕೆಸರು ತಾಕದೆ ಇರುವುದು ಅದರಿಂದಲೇ.

ಹಿಂದೆ ಯಾರನ್ನಾದರೂ ಕೂರಿಸಬೇಕು ಅಂದರೆ ಇದು ಆಗಲ್ಲ. ಅಮ್ಮನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುವ ಭಾನುವಾರ ಹಳೇ ಸೀಟು, ಹಳೇ ಮಡ್‌ಗಾರ್ಡ್, ಸೀರೆ ಗಾರ್ಡ್ ಎಲ್ಲ ಅಟ್ಟದ ಗೋಣಿಚೀಲದಿಂದ ಇಳಿಯುತ್ತವೆ. ಮುಕ್ಕಾಲು ಗಂಟೆ ಕೆಲಸ. ಸ್ಪ್ಯಾನರ್ ಕೊಡುವುದು ಅಪ್ಪ.