ಮಡಿಕೇರಿಯ ವಕೀಲರ ಆಫೀಸು: ತಮ್ಮನ ರಕ್ತದ ರಿಪೋರ್ಟ್ ಕೇಸಿನ ಅನುಭವ

ಕುಡಿದು ಗಾಡಿ ಓಡಿಸಿದ ಕೇಸು ಅಂದರೆ ದಂಡ ಕಟ್ಟಿ ಬನ್ನಿ, ಮುಗೀತು ಅಂತ ನಮಗೆ ಹೇಳಿದವರೇ ಜಾಸ್ತಿ. ಮೊದಲು ಹೋಗಿದ್ದ ವಕೀಲರೂ ಅದನ್ನೇ ಹೇಳಿದರು, ಪೇಪರ್ ಕೈಗೆ ತಗೊಳ್ಳಲೂ ಇಲ್ಲ. ಮಡಿಕೇರಿಯ ಈ ಆಫೀಸಿನ ಮೇಡಂ ಒಂದೊಂದೇ ಹಾಳೆ ತಿರುವಿ, ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಓದಿದರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಜೂನ್ ಮಳೆ. ವಿರಾಜಪೇಟೆಯಲ್ಲಿ ಮದುವೆ ಮುಗಿಸಿ ನನ್ನ ತಮ್ಮ ಜೀಪಿನಲ್ಲಿ ವಾಪಸ್ ಬರುತ್ತಿದ್ದ. ಮೇಕೇರಿ ಹತ್ತಿರ ತಿರುವಿನಲ್ಲಿ ಜೀಪು ಜಾರಿ ರಸ್ತೆ ಪಕ್ಕದ ಮಣ್ಣಿನ ಬರೆಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಪೆಗ್ ತಗೊಂಡಿದ್ದೆ ಅಂತ ಪೊಲೀಸರಿಗೆ ಅವನೇ ಹೇಳಿದ. ಊದಿಸುವ ಮಿಷನ್ ಕೆಟ್ಟಿತ್ತಂತೆ, ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ತೆಗೆಸಿದರು. ಎರಡು ತಿಂಗಳ ಮೇಲೆ ರಿಪೋರ್ಟ್ ಬಂತು: 100 ಮಿಲಿ ರಕ್ತದಲ್ಲಿ 44 ಮಿಲಿಗ್ರಾಂ ಆಲ್ಕೋಹಾಲ್. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 30 ದಾಟಿದರೆ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೇಡಂ ಮೊದಲು ನನ್ನನ್ನು ಹೊರಗೆ ಕೂರಿಸಿ ತಮ್ಮನ ಹತ್ತಿರ ಮಾತಾಡಿದರು. 'ಎಷ್ಟು ಕುಡಿದೆ, ಎಷ್ಟು ಗಂಟೆಗೆ, ನಿಜ ಹೇಳಪ್ಪಾ. ಸುಳ್ಳು ಕಥೆ ಕಟ್ಟಿಕೊಡೋದಕ್ಕೆ ನಾನು ಬರಲ್ಲ' ಅಂದರಂತೆ. ಆಮೇಲೆ ನನಗೂ ಗೆಲ್ತೀವಿ ಅಂತ ಮಾತು ಕೊಡಲಿಲ್ಲ. ರಕ್ತ ತೋಳಿನಿಂದ ಲ್ಯಾಬ್ ಸೇರುವವರೆಗಿನ ದಾರಿ ಪೂರ್ತಿ ನೋಡೋಣ, ಎಲ್ಲಿ ಕಡಿದಿದೆಯೋ ಅಲ್ಲಿ ಕೇಳೋಣ ಅಂದರು.

ನಾನು ಒಂದು ವಿಷಯ ಓದಿಕೊಂಡು ಹೋಗಿದ್ದೆ. ಅರೆಸ್ಟ್ ಆಗಿ ಎರಡು ಗಂಟೆ ಒಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು ಅಂತ 202ನೇ ಸೆಕ್ಷನ್ ಹೇಳುತ್ತೆ. ನಮ್ಮದರಲ್ಲಿ ಮೂರು ಗಂಟೆ ದಾಟಿತ್ತು. ಅಷ್ಟು ಸಾಕಲ್ವಾ ಮೇಡಂ ಅಂದೆ. ಸಾಲಲ್ಲ ಅಂದರು. ಹೊತ್ತು ಮೀರಿದರೆ ಕಸ್ಟಡಿಯಿಂದ ಬಿಡಬೇಕು ಅಂತಷ್ಟೇ ಅಲ್ಲಿ ಇರೋದು, ಅದೊಂದರಿಂದಲೇ ಕೇಸು ಬೀಳುತ್ತೆ ಅಂತ ಇಲ್ಲ. ಮೇಲಾಗಿ, ದೇಹ ಗಂಟೆಗೆ 100 ಮಿಲಿ ರಕ್ತದಲ್ಲಿ ಹೆಚ್ಚುಕಡಿಮೆ 15 ಮಿಲಿಗ್ರಾಂನಷ್ಟು ಆಲ್ಕೋಹಾಲ್ ಕರಗಿಸುತ್ತೆ, ತಡವಾಯ್ತು ಅಂತ ನಾವು ಜೋರು ಮಾಡಿದರೆ ಗಾಡಿ ಓಡಿಸುವಾಗ ಇನ್ನೂ ಜಾಸ್ತಿ ಇತ್ತು ಅಂತ ಆ ಕಡೆಯವರು ಹೇಳಬಹುದು. ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆಯ ತೂತನ್ನು ಮೊದಲೇ ತೋರಿಸಿದ್ದು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

ಅಸಲು ವಿಷಯ ಇದ್ದದ್ದು ರಕ್ತದ ಬಾಟಲಿಯಲ್ಲಿ. ಆಲ್ಕೋಹಾಲ್ ಪರೀಕ್ಷೆಗೆ ಕಳಿಸುವ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಹಾಕಬೇಕು, ಹೆಪ್ಪುಗಟ್ಟದ ಹಾಗೆ ಪೊಟ್ಯಾಸಿಯಂ ಆಕ್ಸಲೇಟ್ ಕೂಡ. ಫ್ಲೋರೈಡ್ ಇಲ್ಲದೆ, ತಣ್ಣಗಿಡದೆ ಬಿಟ್ಟರೆ ಯೀಸ್ಟ್, ಬ್ಯಾಕ್ಟೀರಿಯಾ ಸೇರಿಕೊಂಡು ರಕ್ತದಲ್ಲಿರುವ ಸಕ್ಕರೆಯಿಂದಲೇ ಆಲ್ಕೋಹಾಲ್ ಹುಟ್ಟಬಹುದು. ಹಣ್ಣಿನ ವೈನ್ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದಾಖಲೆಯಲ್ಲಿ ಫ್ಲೋರೈಡ್ ಹಾಕಿದ್ದು ಎಲ್ಲೂ ಇಲ್ಲ. ರಕ್ತ ತೆಗೆದ ದಿನಕ್ಕೂ ಲ್ಯಾಬ್ ಅದನ್ನು ತಗೊಂಡ ದಿನಕ್ಕೂ ಹನ್ನೆರಡು ದಿನ ವ್ಯತ್ಯಾಸ, ಅಷ್ಟು ದಿನ ಅದು ಎಲ್ಲಿತ್ತು, ಫ್ರಿಜ್ಜಿನಲ್ಲಿತ್ತಾ ಬೀರುವಿನಲ್ಲಿತ್ತಾ, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ಒಂದು ಸಾಲೂ ಬರೆದಿರಲಿಲ್ಲ. ಬಾಟಲಿಯ ಸೀಲು ಅದೇನಾ ಅಂತ ಲ್ಯಾಬ್‌ನವರು ಹೋಲಿಸಿ ನೋಡೋಕೆ ಬೇಕಾದ ಮಾದರಿ ಸೀಲಿನ ಅಚ್ಚು ಕಳಿಸಿದ್ದಕ್ಕೂ ದಾಖಲೆ ಇಲ್ಲ.

ಸರ್ಕಾರಿ ಲ್ಯಾಬ್ ರಿಪೋರ್ಟನ್ನು ತಜ್ಞರು ಬರದೇ ಇದ್ದರೂ ಕೋರ್ಟ್ ಸಾಕ್ಷಿಯಾಗಿ ತಗೊಳ್ಳಬಹುದು. ಬೇಕಾದರೆ ಅವರನ್ನು ಕರೆಸಲೂಬಹುದು. ಮೇಡಂ ಅರ್ಜಿ ಹಾಕಿ ಕರೆಸಿದರು. ರಕ್ತ ತೆಗೆದ ಡಾಕ್ಟರ ಪಾಟೀ ಸವಾಲು ಅರ್ಧ ಗಂಟೆ ನಡೆಯಿತು. ಮೇಡಂ ದನಿ ಏರಿಸಲಿಲ್ಲ, ಅವಮಾನ ಮಾಡಲಿಲ್ಲ. ಯಾವ ಬಾಟಲಿ, ಏನು ಹಾಕಿದ್ದಿರಿ, ಚರ್ಮ ಯಾವುದರಿಂದ ಒರೆಸಿದಿರಿ? ಸ್ಪಿರಿಟ್‌ನಿಂದ ಅಂದರು. ಈ ಪರೀಕ್ಷೆಗೆ ಸ್ಪಿರಿಟ್ ಬಳಸಬಾರದು. ಆದರೆ ಅದೊಂದರಿಂದ ಅಂಕಿ ಹೆಚ್ಚು ಏರಲ್ಲ, ಅದನ್ನೇ ಹಿಡಿದು ಕೂರಬಾರದು ಅಂತ ಮೇಡಂ ನಮಗೆ ಮೊದಲೇ ಹೇಳಿದ್ದರು. ಫ್ಲೋರೈಡ್ ಬಗ್ಗೆ ಕೇಳಿದಾಗ ಡಾಕ್ಟರು ನೆನಪಿಲ್ಲ ಅಂದರು. ಕೊನೆಗೆ ಸಂಶಯದ ಲಾಭ ಕೊಟ್ಟು ತಮ್ಮನನ್ನು ಬಿಡುಗಡೆ ಮಾಡಿದರು.

ಒಂದು ಪೆಗ್ ಆದರೂ ಕುಡಿದು ಜೀಪು ಹತ್ತಿದ್ದು ತಪ್ಪೇ. ನಮ್ಮ ತಿರುವುಗಳಲ್ಲಿ ಆ ಮಳೆಯಲ್ಲಿ ಎದುರಿಗೆ ಒಂದು ಬೈಕ್ ಬಂದಿದ್ದರೆ ಅಂತ ನೆನೆದರೆ ಇವತ್ತಿಗೂ ಎದೆ ಝಲ್ ಅನ್ನುತ್ತೆ. ಅವನು ಈಗ ಮದುವೆಗೆ ಹೋದರೆ ಗಾಡಿ ಕೀಲಿ ನನ್ನ ಕೈಗೆ ಕೊಡುತ್ತಾನೆ.

ಆಫೀಸಿನ ಕೊರತೆಗಳೂ ಇವೆ. ಫೋನ್ ಎತ್ತೋದು ಕಡಿಮೆ, ಜೂನಿಯರ್‌ಗೆ ಮೆಸೇಜ್ ಹಾಕಿದರೆ ಸಂಜೆ ಉತ್ತರ ಬರುತ್ತೆ. ಎರಡು ಸಲ ಡೇಟ್ ಮುಂದಕ್ಕೆ ಹೋದದ್ದನ್ನು ಅವರು ತಿಳಿಸಲಿಲ್ಲ, ನಾವು ನಾಪೋಕ್ಲಿನಿಂದ ಸುಮ್ನೆ ಬಂದು ಹೋದೆವು. ಹದಿನಾರು ತಿಂಗಳು ಎಳೆಯಿತು. ಆಫೀಸಿನ ಮೆಟ್ಟಿಲು ಕಡಿದಾಗಿದೆ, ಅಮ್ಮನಿಗೆ ಹತ್ತೋಕೆ ಆಗಲಿಲ್ಲ. ಫೀಸು ಮೂರು ಕಂತು, ಪ್ರತಿಯೊಂದಕ್ಕೂ ರಸೀದಿ ಕೊಟ್ಟರು.

ಜೀಪಿನ ಇನ್ಶೂರೆನ್ಸ್ ಇನ್ನೂ ಬಂದಿಲ್ಲ. ರಕ್ತದ ಪರೀಕ್ಷೆಯೇ ಇಲ್ಲದಿದ್ದರೂ ಕುಡಿದಿದ್ದನ್ನು ಬೇರೆ ಸಾಕ್ಷಿಯಿಂದ ಕಂಪನಿ ತೋರಿಸಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆಯಂತೆ, ಅದು ಬೇರೆಯೇ ಜಗಳ ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಅದಕ್ಕೂ ಅವರ ಹತ್ತಿರವೇ ಹೋಗುತ್ತಿದ್ದೇವೆ. ನೀವು ಹೋಗುವುದಾದರೆ ಚಾರ್ಜ್‌ಶೀಟ್, ಮಹಜರು, ಆಸ್ಪತ್ರೆ ಚೀಟಿ, ಲ್ಯಾಬ್ ರಿಪೋರ್ಟ್ ನಾಲ್ಕೂ ತಗೊಂಡು ಸಂಜೆ ಐದರ ಮೇಲೆ ಹೋಗಿ. ಬೆಳಿಗ್ಗೆ ಅವರು ಕೋರ್ಟಿನಲ್ಲೇ ಇರುತ್ತಾರೆ.