ನಮ್ಮೂರ ರಸ್ತೆಯ 5 ವರ್ಷದ ನಿರ್ವಹಣೆ: ಟಂಟಂ ಸೀಟಿನಿಂದ ಕಂಡಿದ್ದು

ಮೊಬೈಲು, ಮಿಕ್ಸರು, ಬಿರಿಯಾನಿ ಹೋಟೆಲು ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ನಾನು ನಮ್ಮೂರ ರಸ್ತೆಗೆ ಬರೆಯುತ್ತಿದ್ದೇನೆ. ರಸ್ತೆ ಹಾಕಿ ಹೋದ ಮೇಲೆ 5 ವರ್ಷ ಅದನ್ನು ನೋಡಿಕೊಳ್ಳುತ್ತೇವೆ ಎಂದು ಗುತ್ತಿಗೆದಾರರು ಬರೆದುಕೊಟ್ಟಿರುತ್ತಾರಲ್ಲ, ಆ ಸೇವೆಗೆ. ದುಡ್ಡು ನಮ್ಮದೇ ಅಂದ ಮೇಲೆ ಮಾರ್ಕ್ಸ್ ಕೊಡುವುದೂ ನಾವೇ ಅಲ್ವಾ?

ನಾನು ಟಂಟಂ ಹೊಡೆಯುತ್ತೇನೆ. ಕಾರಟಗಿ ಕಡೆಯ ಒಂದು ಹಳ್ಳಿಯಿಂದ ಮೇನ್ ರೋಡಿಗೆ ಸುಮಾರು 6 ಕಿಲೋಮೀಟರ್. ದಿನಕ್ಕೆ ಏಳೆಂಟು ಸಲ ಹೋಗಿ ಬರುತ್ತೇನೆ. ಬೆಳಿಗ್ಗೆ ಕಾಲೇಜು ಹುಡುಗರು, ಆಮೇಲೆ ಸಂತೆ ಚೀಲಗಳು, ಸಂಜೆ ಗೊಬ್ಬರ, ಸಿಮೆಂಟು, ಒಮ್ಮೊಮ್ಮೆ ಒಂದು ಆಡು. ಈ ರಸ್ತೆಯ ತಗ್ಗು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಮೂರು ಚಕ್ರದ ಗಾಡಿಗೆ ಒಂದು ಕಷ್ಟವಿದೆ. ಕಾರಿನವನು ತಗ್ಗನ್ನು ಎರಡು ಚಕ್ರದ ನಡುವೆ ಬಿಟ್ಟು ಹೋಗುತ್ತಾನೆ, ಬೈಕಿನವನು ಪಕ್ಕಕ್ಕೆ ತಿರುಗಿಸುತ್ತಾನೆ. ನಮ್ಮದು ಹಿಂದಿನ ಎರಡು ತಪ್ಪಿಸಿಕೊಂಡರೆ ಮುಂದಿನದು ಇಳಿಯುತ್ತದೆ.

ರಸ್ತೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದು. ಈ ಯೋಜನೆ ಶುರುವಾಗಿದ್ದು 2000ದ ಡಿಸೆಂಬರ್ 25ರಂದು. ರಸ್ತೆ ಹಾಕಿದ ಗುತ್ತಿಗೆದಾರರೇ 5 ವರ್ಷ ಅದನ್ನು ಕಾಯಬೇಕು ಅನ್ನುವುದು ಇದರ ನಿಯಮ. ನನಗೆ ಇದು ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಅದೂ ಮಳೆಯಿಂದ. ಊರ ಮುಂದಿನ ಫಲಕದ ಮೇಲೆ ಒಂದು ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದರು. ನೆನೆದು ಜೋತು ಬಿದ್ದಿತ್ತು. ಸೀಟಿಗಾಗಿ ಕಾಯುತ್ತಾ ಸುಮ್ನೆ ಉಗುರಿನಿಂದ ಕೆರೆದೆ. ಒಳಗೆ ರಸ್ತೆಯ ಉದ್ದ, ಖರ್ಚು, ಕೆಲಸ ಮುಗಿದ ತಾರೀಖು, ಗುತ್ತಿಗೆದಾರರ ಹೆಸರು. ಕೆಳಗೆ ನಿರ್ವಹಣೆಗೆ ವರ್ಷವಾರು ಮೊತ್ತ: ಮೊದಲ ವರ್ಷ ಕಡಿಮೆ, ಐದನೇ ವರ್ಷ ಜಾಸ್ತಿ. ಮೂರು ವರ್ಷ ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸಿದ್ದೇನೆ, ಒಮ್ಮೆಯೂ ಓದಿರಲಿಲ್ಲ.

ನಮ್ಮ ಅಕ್ಕನ ಮಗ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಅವನನ್ನು ಕರೆದು ತೋರಿಸಿದೆ. "ಮಾವ, ತಗ್ಗು ಮುಚ್ಚೋದು ಒಂದ ಅಲ್ಲ. ಮಳಿ ನೀರು ಕೊರೆದ ಜಾಗ, ರೋಡಿನ ಎರಡೂ ಬದಿ ಮಣ್ಣು, ಚರಂಡಿ, ಸಿಡಿ, ಕಲ್ಲಿಗೆ ಸುಣ್ಣ, ಗಿಡ ಕಡಿಯೋದು, ಎಲ್ಲಾ ಅವರ ಕೆಲಸ" ಅಂದ. ಸಿಡಿ ಅಂದರೆ ರಸ್ತೆ ಅಡಿಯಿಂದ ನೀರು ದಾಟಿಸುವ ಪೈಪು, ಸಣ್ಣ ಸೇತುವೆ. ಆಮೇಲೆ ದುಡ್ಡಿನ ಲೆಕ್ಕ ಹೇಳಿದ. ರಸ್ತೆ ಹಾಕಲು 2015-16ರಿಂದ ಕೇಂದ್ರ ನೂರಕ್ಕೆ 60 ಕೊಟ್ಟರೆ ರಾಜ್ಯ 40 ಹಾಕುತ್ತದೆ. ನಿರ್ವಹಣೆಗೆ ಬಂದಾಗ ಪೂರ್ತಿ ರಾಜ್ಯದ್ದೇ. ಮನೆ ಕಟ್ಟಲು ಬೀಗರು ಅರ್ಧಕ್ಕಿಂತ ಜಾಸ್ತಿ ಕೊಡುತ್ತಾರೆ, ಆಮೇಲೆ ಹೆಂಚು ಒಡೆದರೆ ನಿನ್ನ ಜೇಬು ನೋಡಿಕೋ ಅಂದ ಹಾಗೆ. 15ನೇ ಹಣಕಾಸು ಆಯೋಗ ಈ ರಸ್ತೆಗಳ ನಿರ್ವಹಣೆಗೆಂದೇ ರಾಜ್ಯಗಳಿಗೆ 27,539 ಕೋಟಿ ಕೊಡಿ ಎಂದು ಶಿಫಾರಸು ಮಾಡಿತ್ತಂತೆ. ಅಷ್ಟು ದೊಡ್ಡ ಸಂಖ್ಯೆ ಕೇಳಿದರೆ ನನಗೆ ನಿದ್ದೆ ಬರುತ್ತದೆ. ನಮ್ಮ ತಗ್ಗಿಗೆ ಬರುತ್ತೇನೆ.

ಮೊದಲ ತೇಪೆ ಹಾಕಿದ್ದು ಎರಡನೇ ವರ್ಷದ ಮಳೆಗಾಲದಲ್ಲಿ. ಒಂದು ಟ್ರ್ಯಾಕ್ಟರ್, ಮೂರು ಜನ. ತಗ್ಗಿನಲ್ಲಿ ನೀರು ನಿಂತಿತ್ತು. ನೀರಿನ ಮೇಲೇ ಡಾಂಬರು ಕಲೆಸಿದ ಕಡಿ ಸುರಿದರು, ಸಲಿಕೆ ಬೆನ್ನಿನಿಂದ ನಾಲ್ಕು ಏಟು ಹೊಡೆದರು, ಮುಂದಿನ ತಗ್ಗಿಗೆ ಹೋದರು. ಟೈರಿನ ಭಾರದಿಂದ ತಾನೇ ಕೂರುತ್ತದೆ ಎಂದು ನನಗೇ ಬುದ್ಧಿ ಹೇಳಿದರು. ಹದಿನೈದು ದಿನಕ್ಕೆ ಕಡಿ ಎದ್ದು ಬಂತು. ತಗ್ಗು ಮೊದಲಿಗಿಂತ ದೊಡ್ಡದಾಯಿತು, ಎದ್ದ ಕಡಿ ಮೇಲೆ ಬೈಕಿನವರು ಜಾರಿದರು. ನನ್ನ ಗಾಡಿಯ ಶಾಕ್ ಅಬ್ಸಾರ್ಬರ್ ಆ ವರ್ಷ ಎರಡು ಸಲ ಹೋಯಿತು. ಹಿಂದೆ ಕೂತ ಅಜ್ಜಿಯೊಬ್ಬರು "ಯಪ್ಪಾ, ಮೆಲ್ಲಕ ಹೊಡಿ, ನಾನು ದವಾಖಾನಿಗೆ ಹೋಗಾಕ ಹತ್ತೀನಿ, ನೀ ಅಲ್ಲಿಗೆ ಅಡ್ಮಿಟ್ ಮಾಡಾಕ ಒಯ್ಯಾಕ ಹತ್ತಿ" ಅಂದಿದ್ದು ಇನ್ನೂ ನೆನಪಿದೆ. ಈ ಕೆಲಸಕ್ಕೆ ಸೊನ್ನೆ.

ಫಲಕ ಓದಿದ ಮೇಲೆ ಮೂರನೇ ವರ್ಷ, ಈ ಯೋಜನೆಯ ರಸ್ತೆಗಳ ಬಗ್ಗೆ ದೂರು ಕೊಡುವ ಮೇರಿ ಸಡಕ್ ಆ್ಯಪ್‌ನಲ್ಲಿ ಫೋಟೋ ಹಾಕಿದೆ. ಆ್ಯಪ್ ಚೆನ್ನಾಗಿದೆ. ಜಿಲ್ಲೆ, ತಾಲ್ಲೂಕು, ರಸ್ತೆ ಆರಿಸಿ ಫೋಟೋ ಕಳಿಸಿದರೆ ಆಯಿತು. ಉತ್ತರ ಬಂತು, ಎಂಜಿನಿಯರ್ ಸಾಹೇಬರೂ ಬಂದರು. ಮೊಬೈಲ್ ಹಿಡಿದು ಅಲ್ಲಲ್ಲಿ ನಿಂತು ಫೋಟೋ ತೆಗೆದರು. ಇ-ಮಾರ್ಗ್ ಅಂತ ಆನ್‌ಲೈನ್ ವ್ಯವಸ್ಥೆ ಇದೆಯಂತೆ. ಜಾಗದ ಗುರುತಿನ ಸಮೇತ ಫೋಟೋ ಏರಿಸಬೇಕು, ರಸ್ತೆಯ ಸ್ಥಿತಿಗೆ ಮಾರ್ಕ್ಸ್ ಬೀಳುತ್ತದೆ, ಗುತ್ತಿಗೆದಾರರ ಬಿಲ್ಲು ಆ ಮಾರ್ಕ್ಸ್ ಮೇಲೆ. ಎಷ್ಟು ಬುಟ್ಟಿ ಕಡಿ ಸುರಿದರು ಅನ್ನುವ ಲೆಕ್ಕ ಇಲ್ಲ. ಇದನ್ನು ಕೇಳಿ ನನಗೆ ಖುಷಿಯಾಯಿತು.

ಎರಡನೇ ತೇಪೆ ಬೇರೆಯೇ ಆಗಿತ್ತು. ಮಳೆ ನಿಂತು ನೆಲ ಒಣಗಿದ ಮೇಲೆ ಬಂದರು. ತಗ್ಗಿನ ಅಂಚನ್ನು ಉಳಿಯಿಂದ ಚೌಕಾಕಾರಕ್ಕೆ ಕಡಿದರು. ಒಬ್ಬ ಹೆಣ್ಣುಮಗಳು ಕಸಬರಿಗೆಯಿಂದ ಧೂಳು ಬಳಿದು ತೆಗೆದಳು, ತಗ್ಗು ಹೊಸದಾಗಿ ಸಾರಿಸಿದ ಒಲೆಯ ಹಾಗೆ ಕಂಡಿತು. ಆಮೇಲೆ ತೂತು ಮಾಡಿದ ಡಬ್ಬಿಯಿಂದ ಬಿಸಿ ಡಾಂಬರು ಚಿಮುಕಿಸಿ, ಕಡಿ ತುಂಬಿ, ಕೈಯಿಂದ ಎಳೆಯುವ ರೋಲರ್ ಉರುಳಿಸಿದರು. ಒಂದು ತಗ್ಗಿಗೆ ಅರ್ಧ ಗಂಟೆ. ಆ ಜಾಗದಲ್ಲಿ ಇವತ್ತಿಗೂ ಟೀ ಗ್ಲಾಸು ಅಲುಗಾಡುವುದಿಲ್ಲ. ಐದಕ್ಕೆ ನಾಲ್ಕು. ಒಂದು ಕಡಿಮೆ ಯಾಕೆಂದರೆ ಶಾಲೆ ಮುಂದಿನ ಎರಡು ತಗ್ಗು ಬಿಟ್ಟು ಹೋದರು. ಸಾಮಾನು ತೀರಿತಂತೆ.

ಐದಕ್ಕೆ ಐದು ಕೊಡುವುದು ಮಾತ್ರ ಡಾಂಬರೇ ಇಲ್ಲದ ಒಂದು ಕೆಲಸಕ್ಕೆ. ನಮ್ಮದು ಎರೆ ಭೂಮಿ, ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಗರಸು, ಕಡಿ ಹಾಸಿ ಎಷ್ಟೇ ಗಟ್ಟಿ ಡಾಂಬರು ಹಾಕಿದರೂ ಬದಿಯಲ್ಲಿ ನೀರು ನಿಂತರೆ ಮುಗಿಯಿತು. ಉಪಕಾಲುವೆ ದಾಟುವ ಕಡೆ ಒಂದು ಸಿಡಿ ಇದೆ. ಬಳ್ಳಾರಿ ಜಾಲಿ ಬೆಳೆದು, ಭತ್ತದ ಹುಲ್ಲು ಸಿಕ್ಕಿಕೊಂಡು ಬಾಯಿ ಕಟ್ಟಿತ್ತು. ಸುತ್ತ ನೂರು ಮಾರು ರಸ್ತೆಯ ಅಂಚು ಬಿಸ್ಕತ್ತಿನ ಹಾಗೆ ಮುರಿದು ಬೀಳುತ್ತಿತ್ತು. ಅದೇ ಎಂಜಿನಿಯರ್ ಬಂದು ಹೋದ ಮೇಲೆ ನಾಲ್ಕು ಜನ ಹೆಣ್ಣುಮಕ್ಕಳು ಗುದ್ದಲಿ, ಬುಟ್ಟಿ, ಕುಡುಗೋಲು ಹಿಡಿದು ಬಂದರು. ಬೆಳಿಗ್ಗೆ ಎಂಟಕ್ಕೆ ನಾನು ಸೀಟು ತುಂಬಿಕೊಂಡು ಹೋಗುವಾಗ ಶುರು ಮಾಡಿದ್ದರು. ಸಂಜೆ ಐದಕ್ಕೆ ವಾಪಸ್ ಬರುವಾಗ ಪೈಪಿನ ಈ ಬಾಯಿಂದ ಆ ಬಾಯಿಯ ಬೆಳಕು ಕಾಣುತ್ತಿತ್ತು. ತೆಗೆದ ಹೂಳನ್ನು ದೂರ ಚೆಲ್ಲಿದರು, ಕೊರೆದು ಹೋದ ಬದಿಗೆ ಗರಸು ತುಂಬಿ ತುಳಿದರು. ಒಂದು ದಿನದ ಕೂಲಿ, ಅಷ್ಟೇ. ಆ ವರ್ಷದ ಮಳೆಗೆ ಅಲ್ಲಿ ಒಂದು ಹೊಸ ತಗ್ಗೂ ಬೀಳಲಿಲ್ಲ.

ಹಾಗಾದರೆ ಇದನ್ನು ಪ್ರತಿ ವರ್ಷ ಮೇ ತಿಂಗಳಲ್ಲೇ ಯಾಕೆ ಮಾಡುವುದಿಲ್ಲ? ನಾಲ್ಕನೇ ವರ್ಷ ಕೇಳಿದೆ. ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ "ಹಳೇ ಬಿಲ್ ಬಂದಿಲ್ಲ ಅಣ್ಣಾ" ಅಂದ. ಎಂಜಿನಿಯರ್ ಕಚೇರಿಯಲ್ಲಿ ಕೇಳಿದರೆ "ಅವರು ಕೆಲಸ ಮಾಡಿದರೆ ತಾನೇ ಬಿಲ್?" ಅಂದರು. ಇಬ್ಬರೂ ನನ್ನ ಹತ್ತಿರ ಚಹಾ ಕುಡಿದರು. ಸಿಡಿ ಮತ್ತೆ ಕಟ್ಟಿತು.

ನಾವೂ ಸಾಚಾ ಅಲ್ಲ, ಇದನ್ನು ಬರೆಯದಿದ್ದರೆ ರಿವ್ಯೂ ಸುಳ್ಳಾಗುತ್ತದೆ. ನಾಟಿ ಟೈಮಿಗೆ ಕೆಸರುಗದ್ದೆಯ ಕಬ್ಬಿಣದ ಗಾಲಿ ಹಾಕಿಕೊಂಡೇ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಓಡಿಸುತ್ತೇವೆ, ರಸ್ತೆ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ಸುಗ್ಗಿಯಲ್ಲಿ ಮಿಲ್ಲಿಗೆ ಹೋಗುವ ಭತ್ತದ ಲಾರಿಗಳು ಇದೇ 3.75 ಮೀಟರ್ ರಸ್ತೆಯಲ್ಲಿ ತುಂಬಿಕೊಂಡು ಬರುತ್ತವೆ. ಎದುರಿಗೆ ನಾನು ಬಂದರೆ ಇಬ್ಬರೂ ಬದಿಗೆ ಇಳಿಯಬೇಕು, ಅಲ್ಲೇ ಅಂಚು ಮುರಿಯುವುದು. ಮತ್ತೆ ನಮ್ಮ ಅಣ್ಣ. ಆಚೆ ಗದ್ದೆಗೆ ನೀರು ಹಾಯಿಸಲು ರಾತ್ರಿ ರಸ್ತೆ ಅಡ್ಡಕ್ಕೆ ಕಡಿದು ಪೈಪ್ ಹಾಕಿದ. ಮೇಲೆ ಮಣ್ಣು ಎಳೆದು ಮಲಗಿದ. ಈಗ ಅದು ರಸ್ತೆಯ ಅತಿ ಕೆಟ್ಟ ಜಾಗ, ಅದಕ್ಕೆ ನಾನು ಯಾರ ಮೇಲೆ ದೂರು ಕೊಡಲಿ?

ಒಟ್ಟಾರೆ ಐದಕ್ಕೆ ಎರಡೂವರೆ. ನಿಯಮ ಒಳ್ಳೆಯದು, ಕೇಳಿದಾಗ ಕೆಲಸ ಆಗುತ್ತದೆ, ಕೇಳದಿದ್ದರೆ ಇಲ್ಲ. ನಿಮ್ಮೂರಿಗೆ ಈಗಷ್ಟೇ ಹೊಸ ರಸ್ತೆ ಬಂದಿದ್ದರೆ ಇವತ್ತೇ ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ, ಪೋಸ್ಟರ್ ಅಂಟಿಸುವ ಮೊದಲು. ಮುಗಿದ ತಾರೀಖಿಗೆ 5 ವರ್ಷ ಕೂಡಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಗ್ಗಿಗಿಂತ ಮೊದಲು ಚರಂಡಿ ಕೇಳಿ.

ನಮ್ಮ 5 ವರ್ಷ ಹೋದ ತಿಂಗಳು ಮುಗಿಯಿತು. ಇನ್ನು ಮೇಲೆ ಮರುಡಾಂಬರೀಕರಣದ ಪಟ್ಟಿಗೆ ಸೇರಬೇಕು. ರಸ್ತೆಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಅಂಕ ಕಡಿಮೆ ಇದ್ದಷ್ಟು ಸರದಿ ಬೇಗ. ನಮ್ಮದಕ್ಕೆ 3 ಬಿದ್ದಿದೆ. ಹಾಗಾಗಿ ಸ್ವಲ್ಪ ಕಾಯಿರಿ ಎಂದು ಕಚೇರಿಯಲ್ಲಿ ಅಂದರು. ಇನ್ನೂ ಹಾಳಾಗಲಿ ಅಂತಾ ಸರ್ ಎಂದು ಕೇಳಿದೆ. ನಕ್ಕರು.

ಅಲ್ಲಿಯವರೆಗೆ ಸಿಡಿ ಬಾಯಿ ಬಿಡಿಸಬೇಕು. ಬರುವ ಭಾನುವಾರ ನಾನು, ಅಕ್ಕನ ಮಗ, ಇನ್ನಿಬ್ಬರು ಟಂಟಂನವರು ಗುದ್ದಲಿ ತೆಗೆದುಕೊಂಡು ಹೋಗುತ್ತಿದ್ದೇವೆ. ಅಣ್ಣನನ್ನೂ ಕರೆದೆ. ಅವನಿಗೆ ಆವತ್ತು ಸೊಂಟ ನೋವಂತೆ.