ಹಿತ್ತಾಳೆ ಕೊಳವೆ ಕಪ್ಪಾಗಿಸುವ ದ್ರಾವಣ: ದೀರ್ಘ ಬಳಕೆಯ ನಂತರ

ಅರೆಪಾರದರ್ಶಕ ಅಕ್ರಿಲಿಕ್ ಅಥವಾ ರೆಸಿನ್ ಬ್ಲ್ಯಾಂಕ್‌ನಲ್ಲಿ, ಅಂದರೆ ನಡುವೆ ರಂಧ್ರ ಕೊರೆದು ಹಿತ್ತಾಳೆ ಕೊಳವೆ ಅಂಟಿಸಿದ ತುಂಡಿನಲ್ಲಿ, ಪೆನ್ನು ಕಡೆಯುವವರಿಗೆಲ್ಲ ಹಿತ್ತಾಳೆಯ ಕಾಟ ಗೊತ್ತಿರುತ್ತದೆ. ಬ್ಲ್ಯಾಂಕ್ ದಪ್ಪಗಿರುವಷ್ಟು ಹೊತ್ತು ಕಡುನೀಲಿ ಕಡುನೀಲಿಯಾಗಿಯೇ ಇರುತ್ತದೆ. ಲೇತ್‌ನಲ್ಲಿ ಉಳಿ ಕೊರೆಯುತ್ತ ಹೋಗಿ ಗೋಡೆ ತೆಳುವಾಗುತ್ತಿದ್ದಂತೆ ಒಳಗಿನ ಕೊಳವೆ ಹಳದಿಯಾಗಿ ಮಿಂಚತೊಡಗುತ್ತದೆ, ನೀಲಿಗೆ ಹಸಿರು ಛಾಯೆ ಬರುತ್ತದೆ, ಅಂಟು ಸರಿಯಾಗಿ ಹರಡದ ಜಾಗಗಳೆಲ್ಲ ಮಚ್ಚೆಗಳಾಗಿ ಎದ್ದು ಕಂಡು ಒಳಗಿನ ಬಂಡವಾಳ ಬಯಲಾಗುತ್ತದೆ. ಇದಕ್ಕೆ ಮದ್ದಾಗಿ ಸೆಲೆನಿಯಂ ಇರುವ ಕಪ್ಪಾಗಿಸುವ ದ್ರಾವಣವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅಸಲಿಗೆ ಇದು ಪೆನ್ನಿನವರಿಗಾಗಿ ಹುಟ್ಟಿದ್ದಲ್ಲ. ಹಿತ್ತಾಳೆಯ ಹಿಡಿಕೆ, ತಿರುಪುಗಳಿಗೆ ಹಳೆಯ ಕಳೆ ಕೊಡಲು ಬಳಸುವಂಥದ್ದು. ನನ್ನ ಕಪಾಟಿನಲ್ಲಿ ಇದಕ್ಕೆ ಕಾಯಂ ಜಾಗವಿದೆ, ಆದರೆ ಮೊದಲಿನ ಹಾಗೆ ಎಲ್ಲ ಪೆನ್ನಿಗೂ ಈಗ ಬಾಟಲಿ ತೆರೆಯುವುದಿಲ್ಲ.

ಕೊಳವೆಗೆ ಕಪ್ಪು ಬಣ್ಣ ಸಿಂಪಡಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ರಂಧ್ರ ಸಡಿಲವಾಗಿದ್ದರೆ. 7 ಮಿಲಿಮೀಟರ್ ರಂಧ್ರಕ್ಕೆ 7 ಮಿಲಿಮೀಟರ್ ಕೊಳವೆಯನ್ನು ತಿರುಚುತ್ತ ತೂರಿಸುವಾಗ ಬಣ್ಣ ಕೆರೆದುಹೋಗಿ ಉದ್ದಕ್ಕೂ ಹಳದಿ ಗೀರು ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂಟಿಕೆಯದು: ಅಂಟು ಹಿಡಿಯುವುದು ಬಣ್ಣವನ್ನು, ಹಿತ್ತಾಳೆಯನ್ನಲ್ಲ. ಬಣ್ಣ ಎಷ್ಟು ಗಟ್ಟಿಯೋ ಪೆನ್ನೂ ಅಷ್ಟೇ ಗಟ್ಟಿ. ದ್ರಾವಣ ಕೊಡುವ ಕಪ್ಪು ಲೋಹದ ಮೇಲ್ಮೈಯಲ್ಲೇ ಮೂಡುವಂಥದ್ದು. ಹಿತ್ತಾಳೆಯ ತಾಮ್ರವೂ ದ್ರಾವಣದ ಸೆಲೆನಿಯಂ ಕೂಡಿ ಆಗುವ ಪದರ ಅದು. ಅದರ ದಪ್ಪ ಕೈಗೂ ಅಳತೆಗೂ ಸಿಗುವುದಿಲ್ಲ, ಅಸಿಟೋನ್ ಸವರಿದರೂ ಏಳುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಇದರ ಉಳಿದ ಕಿರಿಕಿರಿಗಳನ್ನು ಸಹಿಸಿಕೊಂಡಿದ್ದೇನೆ.

ಕಿರಿಕಿರಿ ಶುರುವಾಗುವುದೇ ಶುಚಿಯಿಂದ. ಕೊಳವೆಯನ್ನು 400ರ ಮರಳುಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಮುಂದೆ ಕೈಗವಸು ಹಾಕಿಯೇ ಮುಟ್ಟಬೇಕು. ಬರಿಗೈ ತಾಗಿದರೆ ಏನಾಗುತ್ತದೆಂದು ದ್ರಾವಣವೇ ತೋರಿಸುತ್ತದೆ. ಅದ್ದಿದ ಕೂಡಲೇ ಹಳದಿ ಮಾಸಿ ಕಂದಾಗುತ್ತದೆ, ಕಂದು ನೇರಳೆಗೆ ತಿರುಗುತ್ತದೆ, ಬಳಿಕ ಎಲ್ಲವೂ ಕಪ್ಪು. ಹೆಬ್ಬೆರಳು ತಾಗಿದ್ದ ಕಡೆ ಮಾತ್ರ ಬೆರಳಚ್ಚಿನ ಗೆರೆಗಳು ಹಳದಿಯಾಗಿ, ಪೊಲೀಸರಿಗೂ ಸಾಕೆನಿಸುವಷ್ಟು ಸ್ಪಷ್ಟವಾಗಿ ಉಳಿದಿರುತ್ತವೆ.

ಒದ್ದೆಯಲ್ಲಿ ಕಾಣುವ ಆ ಗಾಢ ಕಪ್ಪನ್ನು ನಂಬಬೇಡಿ. ತೊಳೆದು ಒಣಗಿಸಿ ಬಿಳಿ ಬಟ್ಟೆಯಿಂದ ಉಜ್ಜಿದರೆ ಮೇಲಿನ ಮಸಿಯೆಲ್ಲ ಬಟ್ಟೆಗೆ ಬಂದು, ಕೆಳಗೆ ಗಟ್ಟಿಯಾಗಿ ಕೂತ ಮಂಕು ಬೂದುಗಪ್ಪು ಮಾತ್ರ ಉಳಿಯುತ್ತದೆ. ನಮಗೆ ಬೇಕಾದದ್ದು ಅದೇ. ಹೆಚ್ಚು ಹೊತ್ತು ಅದ್ದಿದಷ್ಟೂ ಮಸಿ ಹೆಚ್ಚುತ್ತದೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ. ಆದ್ದರಿಂದ ಒಂದು ನಿಮಿಷದೊಳಗೆ ತೆಗೆದು, ತೊಳೆದು, ಉಜ್ಜಿ, ಬೇಕೆನಿಸಿದರೆ ಮತ್ತೊಮ್ಮೆ ಅದ್ದುವುದು ಮೇಲು. ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆಯೇ ಅಂಟಿನ ಮಾತು. ಮಸಿಯ ಮೇಲೆ ಎಪಾಕ್ಸಿ ಹಚ್ಚಿದರೆ ಉಳಿ ಕಚ್ಚಿದ ಕ್ಷಣ ಕೊಳವೆ ಒಂದು ಕಡೆ, ಬ್ಲ್ಯಾಂಕ್ ಒಂದು ಕಡೆ. ‘ಈ ದ್ರಾವಣ ಹಾಕಿದರೆ ಅಂಟು ನಿಲ್ಲುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಈ ಮಸಿಯೇ ಎಂದು ನನ್ನ ಅಂದಾಜು.

ಕೊಳವೆಯ ಎರಡೂ ಬಾಯಿಗೆ ರಬ್ಬರ್ ಬಿರಡೆ ಹಾಕಿಕೊಳ್ಳುವುದು ಒಳ್ಳೆಯದು. ಒಳಗೋಡೆ ಕಪ್ಪಾದರೆ ನಷ್ಟವೇನಿಲ್ಲ, ಆದರೆ ದ್ರಾವಣ ಆಮ್ಲೀಯ. ಒಳಗೆ ಉಳಿದ ಹನಿ ಮುಂದೆ ಕಿಲುಬಾಗುತ್ತದೆ.

ಸೆಲೆನಿಯಂ ಸಂಯುಕ್ತಗಳು ವಿಷ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕೇ ಬೇಕು. ಅಡುಗೆಗೆ ಮರಳುವ ಪಾತ್ರೆಯಲ್ಲಿ ಇದನ್ನು ಸುರಿಯಬೇಡಿ, ಬಳಸಿ ಮುಗಿದದ್ದನ್ನು ಚರಂಡಿಗೆ ಚೆಲ್ಲಬೇಡಿ.

ಇದರ ಬದಲು ಅಮೋನಿಯ ಆವಿಯಲ್ಲಿ ಇಟ್ಟರೆ ಸಾಕು ಎನ್ನುವ ಸಲಹೆಯೂ ಚಾಲ್ತಿಯಲ್ಲಿದೆ. ಬಣ್ಣವೇನೋ ಬರುತ್ತದೆ, ಪಟ್ಟೆಪಟ್ಟೆಯಾದ ಕಂದು. ಆದರೆ ಹಿತ್ತಾಳೆಗೂ ಅಮೋನಿಯಕ್ಕೂ ಹಳೆಯ ವೈರ. ಬ್ರಿಟಿಷ್ ಸೇನೆ ಭಾರತದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಕಾಡತೂಸುಗಳ ಹಿತ್ತಾಳೆ ಕವಚ ಮಳೆಗಾಲದಲ್ಲಿ ತಾನಾಗಿಯೇ ಬಿರುಕು ಬಿಡುತ್ತಿತ್ತು. ಲೋಹದೊಳಗೆ ಉಳಿದ ಬಿಗಿತಕ್ಕೆ ಮೂತ್ರದಿಂದ ಏಳುವ ಅಮೋನಿಯ ಸೇರಿ ಹೀಗಾಗುತ್ತದೆಂದು ವಿವರಣೆ ಸಿಕ್ಕಿದ್ದು 1921ರಲ್ಲಿ. ತೆಳುಗೋಡೆಯ ಕೊಳವೆಗೆ ಬಿಡಿಭಾಗಗಳನ್ನು ಒತ್ತಿ ಕೂರಿಸುವ ನಮ್ಮ ಕೆಲಸಕ್ಕೆ ಆ ಸಹವಾಸ ಬೇಡ. ಗಂಧಕದ ದ್ರಾವಣ ತಾಮ್ರದ ಮೇಲೆ ಚೆಂದ, ಹಿತ್ತಾಳೆಯ ಮೇಲೆ ಸಪ್ಪೆ, ವಾಸನೆಯಂತೂ ಬೇಡವೇ ಬೇಡ.

ಇನ್ನು, ಎಲ್ಲದಕ್ಕೂ ಕಪ್ಪೇ ಸರಿ ಎಂಬುದು ಭ್ರಮೆ. ಕಡುಗೆಂಪು, ಕಡುನೀಲಿ, ಹೊಗೆಬಣ್ಣದ ಬ್ಲ್ಯಾಂಕ್‌ಗಳಿಗೆ ಕಪ್ಪು ಕೊಳವೆ ಆಳ ಕೊಡುತ್ತದೆ. ತಿಳಿಹಸಿರು, ಹಳದಿ, ಕಿತ್ತಳೆಯ ಕೆಳಗೆ ಅದೇ ಕೊಳವೆ ಬಣ್ಣದ ಜೀವ ಹಿಂಡಿಬಿಡುತ್ತದೆ. ಅಂಥವಕ್ಕೆ ಬ್ಲ್ಯಾಂಕ್‌ನ ರಂಧ್ರದ ಒಳಗೋಡೆಗೇ ಬಿಳಿ ಬಣ್ಣ ಬಳಿಯುತ್ತೇನೆ, ಕೊಳವೆಯನ್ನು ಹಾಗೆಯೇ ಬಿಡುತ್ತೇನೆ. ಮರಕ್ಕಂತೂ ಇದರ ಅಗತ್ಯವೇ ಇಲ್ಲ. ಕಪ್ಪು ಕೊಳವೆ ಬಳಸುವಾಗ ಎಪಾಕ್ಸಿಗೂ ಚಿಟಿಕೆ ಕಪ್ಪು ವರ್ಣದ್ರವ್ಯ ಬೆರೆಸಿ, ಆಗ ಅಂಟಿನ ಅಸಮತೆ ಹೊರಗೆ ಕಾಣುವುದಿಲ್ಲ. ಕೊಳವೆಯ ಸುತ್ತಲೇ ಪಾರದರ್ಶಕ ರೆಸಿನ್ ಎರಕ ಹೊಯ್ಯುವವರಿಗೆ ಮಾತ್ರ ಈ ದ್ರಾವಣಕ್ಕೆ ಸಾಟಿಯಿಲ್ಲ.

ಕೊಳ್ಳುವುದಾದರೆ ಸಣ್ಣ ಬಾಟಲಿ ಸಾಕು. ಕೊಳವೆ ಹಿಡಿಸುವಷ್ಟು ಅಗಲದ, ಉದ್ದನೆಯ ಪ್ಲಾಸ್ಟಿಕ್ ಸೀಸೆಯಲ್ಲಿ ಸ್ವಲ್ಪವೇ ಸುರಿದುಕೊಂಡು ಅದ್ದಿ. ಬಳಸಿದ್ದನ್ನು ಬಾಟಲಿಗೆ ವಾಪಸು ಹಾಕಿದರೆ ಉಳಿದದ್ದೂ ಕೆಡುತ್ತದೆ.